ನರ್ಸರಿಯಿಂದ ತಂದ ಕನಕಾಂಬರ: ಹೂ ಭರ್ಜರಿ, ಬೀಜ ಮಾತ್ರ ಇಲ್ಲ

ಹೋದ ಜೂನಲ್ಲಿ ನಮ್ಮ ಏರಿಯಾದ ನರ್ಸರಿಯಿಂದ ಎರಡು ಕನಕಾಂಬರ ಗಿಡ ತಂದೆ, ಒಂದಕ್ಕೆ 60 ರೂಪಾಯಿ. ಹೂವಿನ ವಿಷ್ಯದಲ್ಲಿ ಒಂದು ಮಾತೂ ಆಡೋ ಹಾಗಿಲ್ಲ, ಮೂರನೇ ತಿಂಗಳಿಗೆ ತೆನೆ ಬಂತು, ಕೆಳಗಿಂದ ಮೇಲಕ್ಕೆ ಸಾಲಾಗಿ ಅರಳ್ತಾ ಹೋಗುತ್ತೆ, ದಿನ ಬಿಟ್ಟು ದಿನ ಬಿಡಿಸ್ತೀನಿ. ವಾಸನೆ ಇಲ್ಲ ನಿಜ, ಆದ್ರೆ ಮಲ್ಲಿಗೆ ಮರುಗದ ಮಧ್ಯೆ ಇಟ್ಟು ಕಟ್ಟಿದ್ರೆ ಮಾರನೇ ದಿನಾನೂ ಬಾಡಲ್ಲ.

ಬೇಜಾರಾಗಿದ್ದು ಬೇರೆ ವಿಷ್ಯಕ್ಕೆ. ಬೀಜ ಆಗೋ ನಾಟಿ ಗಿಡಾನಾ ಅಂತ ಎರಡೆರಡು ಸಲ ಕೇಳಿದ್ದೆ, ಹೌದು ಮೇಡಂ ಅಂದ್ರು. ತೆನೆ ಮೇಲೆ ತೆನೆ ಒಣಗ್ತು, ಒಳಗೆ ಬರೀ ಹೊಟ್ಟು. ಆಮೇಲೆ ಗೊತ್ತಾಯ್ತು ಇದು ಡೆಲ್ಲಿ ಕನಕಾಂಬರ, ಟ್ರಿಪ್ಲಾಯ್ಡ್ ತಳಿ, ಅಂದ್ರೆ ಮೂರು ಸೆಟ್ ಕ್ರೋಮೋಸೋಮ್ ಇರೋದು, ಅದಕ್ಕೇ ಬೀಜಾನೇ ಕಟ್ಟಲ್ಲ, ಕಡ್ಡಿ ನೆಟ್ಟೇ ಬೆಳೆಸ್ಬೇಕು. ಹೆಸರಿಗೆ ಡೆಲ್ಲಿ ಅಷ್ಟೇ, ಕನಕಾಂಬರ ನಮ್ಮ ದಕ್ಷಿಣ ಭಾರತ, ಶ್ರೀಲಂಕಾ ಕಡೇದೇ ಗಿಡ. ಊರಲ್ಲಿ ನಮ್ಮಜ್ಜಿ ಅಬ್ಬಲಿಗೆ ಅಂತಿದ್ರು, ಒಣಗಿದ ಕಾಯಿನ ನೀರಿಗೆ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಚಟ್ ಅಂತ ಸಿಡಿದು ಬೀಜ ಹಾರೋದು, ಮಳೆ ಬಂದ್ಮೇಲೆ ಅಂಗಳದ ತುಂಬಾ ಸಸಿ. ನನ್ನ ಮಗಳಿಗೆ ಅದನ್ನ ತೋರಿಸ್ಬೇಕು ಅಂತಾನೇ ನಾನು ನಾಟಿ ಕೇಳಿದ್ದು.

ಇನ್ನೊಂದು, ಒಂದು ಗಿಡ ಎರಡೇ ತಿಂಗಳಲ್ಲಿ ಹಳದಿ ತಿರುಗಿ ಕುಗ್ಗೋಕೆ ಶುರುವಾಯ್ತು. ಕಿತ್ತು ಬೇರು ತೊಳೆದು ನೋಡಿದ್ರೆ ರಾಗಿ ಕಾಳಿನ ಥರ ಗಂಟು ಗಂಟು, ಮಣ್ಣಲ್ಲಿದ್ದು ಬೇರಿಗೆ ಗಂಟು ಕಟ್ಟಿಸೋ ಸಣ್ಣ ಜಂತುಹುಳದ (ನೆಮಟೋಡ್) ಕಾಟ, ಕನಕಾಂಬರಕ್ಕೆ ಇದೇ ದೊಡ್ಡ ಶತ್ರು. ಆ ಗಿಡ, ಮಣ್ಣು ಎರಡನ್ನೂ ಎಸೆದೆ. ಉಳಿದಿರೋದನ್ನ 12 ಇಂಚಿನ ಪಾಟ್‌ಗೆ ಹಾಕಿ, ಕೆಮ್ಮಣ್ಣು ಮರಳು ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಕಲಸಿ, ಪಕ್ಕದಲ್ಲೇ ಚೆಂಡು ಹೂ ನೆಟ್ಟಿದೀನಿ, ಚೆಂಡು ಹೂವಿನ ಬೇರು ಆ ಹುಳನ ತಡೆಯುತ್ತೆ. ಬೆಳಗಿನ ಬಿಸಿಲು ಬೀಳೋ ಜಾಗ ಸಾಕು, ಮಧ್ಯಾಹ್ನ ಸ್ವಲ್ಪ ನೆರಳಿದ್ರೂ ಪರ್ವಾಗಿಲ್ಲ, ನೀರು ಮಾತ್ರ ಬುಡದಲ್ಲಿ ನಿಲ್ಲಬಾರದು. ಹೂ ಮುಗಿದ ತೆನೆನ ಕತ್ತರಿಸ್ತಾ ಇರಿ, ಆಗ ಹೊಸ ಚಿಗುರು ಬೇಗ ಬರುತ್ತೆ.

ನರ್ಸರಿಗೆ 5ಕ್ಕೆ 3 ಕೊಡ್ತೀನಿ. ಹೂವಿಗೋಸ್ಕರ ಆದ್ರೆ ಕಣ್ಮುಚ್ಚಿ ತಗೊಳ್ಳಿ, ಆದ್ರೆ ಕವರ್ ಸ್ವಲ್ಪ ಸರಿಸಿ ಬೇರು ನೋಡದೆ ದುಡ್ಡು ಕೊಡ್ಬೇಡಿ. ನಾಟಿ ಬೀಜ ಈಗ ಊರಿಂದ ತರಿಸ್ಕೊಂಡೆ, ಹಳೇ ಬೀಜ ಮೊಳೆಯೋದು ಕಷ್ಟ ಅಂತ ಹೊಸಾದೇ ಕೇಳಿದ್ದೆ. ನಾಲ್ಕು ಸಸಿ ಎದ್ದಿದೆ, ಇವತ್ತು ಬೆಳಿಗ್ಗೆ ನೋಡಿದ್ರೆ ಎರಡೆರಡು ಎಲೆ.