ಹಳೆಯ ಝೆನ್‌ಗೆ ಯಾವ ಗೇರ್ ಆಯಿಲ್? ಕಲಬುರಗಿಯಲ್ಲಿ ಸಿಗುವ ಡಬ್ಬಿಗಳ ವಿಮರ್ಶೆ

ಕಲಬುರಗಿಯಲ್ಲಿ ಗೇರ್ ಆಯಿಲ್ ಕೊಳ್ಳಲು ಹೋದವರನ್ನು ಅಂಗಡಿಯವರು ಮೊದಲು ಕೇಳುವುದು ನಂಬರನ್ನು: ತೊಂಬತ್ತೋ, ನೂರಾ ನಲವತ್ತೋ? ನೆಹರೂ ಗಂಜ್ ಸುತ್ತಮುತ್ತ ಮತ್ತು ಹುಮನಾಬಾದ್ ರಸ್ತೆಯಲ್ಲಿರುವ ಆಯಿಲ್ ಅಂಗಡಿಗಳ ವ್ಯಾಪಾರ ಬಹುಮಟ್ಟಿಗೆ ಲಾರಿ, ಟ್ರ್ಯಾಕ್ಟರ್‌ಗಳನ್ನು ನಂಬಿಕೊಂಡಿದೆ. ಹೀಗಾಗಿ ತೊಗರಿ ಮೂಟೆ ಹೊರುವ ಗಾಡಿಗಳ ಆಯಿಲ್ ಮುಂದಿನ ಸಾಲಿನಲ್ಲಿರುತ್ತದೆ. ಚಿಕ್ಕ ಹಳೆಯ ಕಾರಿನದನ್ನು ಕೇಳಿ ಒಳಗಿನಿಂದ ತರಿಸಿಕೊಳ್ಳಬೇಕಾಗುತ್ತದೆ. “ತೊಂಬತ್ತು ನಂಬರ್ ಹಾಕಿಬಿಡ್ರಿ ಸರ್, ಎಲ್ಲಾ ಗಾಡಿಗೂ ಅದೇ ಹಾಕ್ತಾರ” ಎಂಬ ಸಲಹೆಯೂ ಜೊತೆಗೆ ಬರುತ್ತದೆ. ಆ ಸಲಹೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. 2003ರ ಮಾರುತಿ ಝೆನ್ ಒಂದನ್ನು ಇಟ್ಟುಕೊಂಡು, ಅದರಲ್ಲಿ ಮೂರು ಬಗೆಯ ಆಯಿಲ್‌ಗಳ ನಡವಳಿಕೆಯನ್ನು ಕಂಡ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ನಂಬರಿನ ವಿಷಯವನ್ನು ಬೇಗ ಮುಗಿಸಬಹುದು. 90 ಎಂಬುದು ಬಿಸಿಯಾದಾಗ ಆಯಿಲ್ ಎಷ್ಟು ದಪ್ಪ ಉಳಿದಿರುತ್ತದೆ ಎಂಬುದರ ಅಳತೆ; 100 ಡಿಗ್ರಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್‌ಗಳ (ಆಯಿಲಿನ ದಪ್ಪ ಅಳೆಯುವ ಮಾನ) ನಡುವೆ ಇರಬೇಕು. ಎಂಜಿನ್ ಆಯಿಲ್‌ನ ಲೆಕ್ಕದಲ್ಲಿ ಇದು 40 ಅಥವಾ 50ರ ದಪ್ಪಕ್ಕೆ ಸಮ. ಎರಡಕ್ಕೂ ಬೇರೆ ಬೇರೆ ಮಾಪಕಗಳಿರುವುದರಿಂದ 90 ಎಂದರೆ ಎರಡು ಪಟ್ಟು ದಪ್ಪ ಎಂದು ತಿಳಿಯಬೇಕಾಗಿಲ್ಲ. 75ಡಬ್ಲ್ಯೂ, 80ಡಬ್ಲ್ಯೂ ಎಂಬ ಮುಂದಿನ ಭಾಗ ಚಳಿಗೆ ಸಂಬಂಧಿಸಿದ್ದು: ಮೊದಲನೆಯದನ್ನು ಮೈನಸ್ 40 ಡಿಗ್ರಿಯಲ್ಲಿ, ಎರಡನೆಯದನ್ನು ಮೈನಸ್ 26ರಲ್ಲಿ ಪರೀಕ್ಷಿಸುತ್ತಾರೆ. ಬೇಸಿಗೆಯಲ್ಲಿ 40 ದಾಟುವ ನಮ್ಮ ಊರಿನಲ್ಲಿ ಈ ವ್ಯತ್ಯಾಸಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ನಿಜವಾಗಿ ನೋಡಬೇಕಾದದ್ದು ಡಬ್ಬಿಯ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ದರ್ಜೆ, ಅಂದರೆ ಜಿಎಲ್-4 ಅಥವಾ ಜಿಎಲ್-5. ಹಿಂದಿನ ಚಕ್ರ ಎಳೆಯುವ ಗಾಡಿಗಳ ಕ್ರೌನ್‌ನಲ್ಲಿರುವ (ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಹೈಪಾಯ್ಡ್ ಗೇರಿನ, ಅಂದರೆ ಅಕ್ಷಗಳು ಒಂದನ್ನೊಂದು ಸಂಧಿಸದೆ ಓರೆಯಾಗಿ ಕೂಡುವ ಗೇರಿನ, ಹಲ್ಲುಗಳು ಒಂದರ ಮೇಲೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡದಲ್ಲಿ ಲೋಹಕ್ಕೆ ಲೋಹ ತಾಗದಿರಲೆಂದು ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಜಿಎಲ್-5ರಲ್ಲಿ ಅವು ಜಿಎಲ್-4ಕ್ಕಿಂತ ಸುಮಾರು ಎರಡು ಪಟ್ಟು ಇರುತ್ತವೆ. ಝೆನ್‌ನಂತಹ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ, ಗೇರ್ ಬಾಕ್ಸ್ ಮತ್ತು ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಒಂದೇ ಪೆಟ್ಟಿಗೆಯೊಳಗೆ ಒಂದೇ ಆಯಿಲ್‌ನಲ್ಲಿ ತಿರುಗುತ್ತವೆ, ಮತ್ತು ಅಲ್ಲಿ ಹೈಪಾಯ್ಡ್ ಗೇರ್ ಇರುವುದೇ ಇಲ್ಲ. ಆದ್ದರಿಂದ ಆ ಹೆಚ್ಚಿನ ರಾಸಾಯನಿಕದಿಂದ ಈ ಕಾರಿಗೆ ಲಾಭವಿಲ್ಲ.

ನಷ್ಟ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಗೇರ್ ಬದಲಿಸುವಾಗ ಎರಡು ಭಾಗಗಳ ವೇಗವನ್ನು ಸಮ ಮಾಡುವುದು ಸಿಂಕ್ರೊನೈಸರ್ ಎಂಬ ಹಿತ್ತಾಳೆಯ ರಿಂಗ್. ಅದು ಗೇರಿನ ಶಂಕುವನ್ನು ಕಚ್ಚಿ ಹಿಡಿಯಬೇಕು, ಹಿಡಿಯಲು ಒಂದಿಷ್ಟು ಘರ್ಷಣೆ ಬೇಕು. ರಿಂಗಿನ ಒಳಮೈಯಲ್ಲಿ ಕೊರೆದಿರುವ ಸಣ್ಣ ಗೆರೆಗಳು ನಡುವಿನ ಆಯಿಲ್ ಪದರವನ್ನು ಹೊರಗೆ ತಳ್ಳಲೆಂದೇ ಇವೆ. ಆಯಿಲ್ ಅತಿಯಾಗಿ ಜಾರುವಂತಿದ್ದರೆ ಎಣ್ಣೆ ಕೈಯಿಂದ ಡಬ್ಬದ ಮುಚ್ಚಳ ತಿರುವಿದಂತಾಗುತ್ತದೆ. ರಿಂಗ್ ಹಿಡಿಯುವಷ್ಟರಲ್ಲಿ ಹಲ್ಲುಗಳು ತಾಗಿ ‘ಕರ್’ ಎನ್ನುತ್ತವೆ. ಇದಲ್ಲದೆ ಸಕ್ರಿಯ ಗಂಧಕವು ಬಿಸಿಯಲ್ಲಿ ತಾಮ್ರ ಬೆರೆತ ಲೋಹಗಳನ್ನು ಸವೆಸುತ್ತದೆ. ಈಗಿನ ಜಿಎಲ್-5 ಆಯಿಲ್‌ಗಳಲ್ಲಿ ಈ ಗುಣವನ್ನು ಸಾಕಷ್ಟು ಪಳಗಿಸಿದ್ದಾರೆಂಬುದು ನಿಜ, ಆದರೆ ಘರ್ಷಣೆಯ ತೊಡಕು ಅದರಿಂದ ಪರಿಹಾರವಾಗುವುದಿಲ್ಲ. ಜಿಎಲ್-4, ಜಿಎಲ್-5 ಎರಡನ್ನೂ ಒಟ್ಟಿಗೆ ಮುದ್ರಿಸಿರುವ ಡಬ್ಬಿಗಳ ಬಗ್ಗೆಯೂ ನನ್ನ ಅಳುಕು ಇದೇ: ಒತ್ತಡ ತಡೆಯುವುದರಲ್ಲಿ ಜಿಎಲ್-5 ಸಹಜವಾಗಿಯೇ ಜಿಎಲ್-4ರ ಮಟ್ಟವನ್ನು ಮುಟ್ಟುತ್ತದೆ, ಹಿತ್ತಾಳೆಗೆ ಹೊಂದುತ್ತದೆಯೇ ಎಂಬುದನ್ನು ಆ ಮುದ್ರೆಯೊಂದೇ ಹೇಳುವುದಿಲ್ಲ.

ಕಾರು ನನ್ನ ಕೈಗೆ ಬಂದಾಗ ಅದರಲ್ಲಿದ್ದದ್ದು ಹಿಂದಿನ ಮಾಲೀಕರು ಯಾವುದೋ ಗ್ಯಾರೇಜಿನಲ್ಲಿ ಬ್ಯಾರೆಲ್‌ನಿಂದ ಹಾಕಿಸಿದ್ದ ಜಿಎಲ್-5. ಮೂರರಿಂದ ಎರಡಕ್ಕೆ ಇಳಿಸುವಾಗ ಲಿವರ್ ಒಂದು ಕ್ಷಣ ತಡೆದು, ಆಮೇಲೆ ಒರಟಾಗಿ ಕೂರುತ್ತಿತ್ತು. ಇಳಿಸಿದ ಆಯಿಲ್ ಕಪ್ಪಾಗಿತ್ತು. ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿ ಹಿಡಿದಾಗ ಮೇಲ್ಮೈಯಲ್ಲಿ ಹೊಂಬಣ್ಣದ ಅತಿಸಣ್ಣ ಹೊಳಪು ಕಾಣಿಸಿತು. ಅದು ಹಿತ್ತಾಳೆಯ ಪುಡಿ. ಬೋಲ್ಟಿಗೆ ಹತ್ತಿದ್ದ ಬೂದು ಬಣ್ಣದ ಉಕ್ಕಿನ ಕೆಸರು ವಯಸ್ಸಿಗೆ ಸಹಜವಾದದ್ದು, ಚೂರುಗಳಿದ್ದರೆ ಮಾತ್ರ ಚಿಂತಿಸಬೇಕಿತ್ತು.

ಎರಡನೆಯದಾಗಿ ಬಳಸಿದ್ದು ಮಾರುತಿ ಬಿಡಿಭಾಗಗಳ ಅಂಗಡಿಯಲ್ಲಿ ದೊರೆತ ಜಿಎಲ್-4, 75ಡಬ್ಲ್ಯೂ-90. ಹಾಕಿದ ದಿನವೇ ಪವಾಡವೇನೂ ನಡೆಯಲಿಲ್ಲ. ಕೆಲವು ವಾರ ಓಡಿದ ಮೇಲೆ ಎರಡನೇ ಗೇರಿನ ತಡೆ ಬಹಳ ಮಟ್ಟಿಗೆ ಹೋಯಿತು, ಮೇ ತಿಂಗಳ ಮಧ್ಯಾಹ್ನ ಸೂಪರ್ ಮಾರ್ಕೆಟ್‌ನ ಗದ್ದಲದಲ್ಲಿ ನಿಂತು ನಿಂತು ಸಾಗುವಾಗಲೂ ಲಿವರ್ ಒಂದೇ ತೂಕದಲ್ಲಿ ಚಲಿಸಿತು. ಸವೆದುಹೋದ ರಿಂಗನ್ನು ಯಾವ ಆಯಿಲ್ಲೂ ಮತ್ತೆ ತುಂಬಿಕೊಡಲಾರದು. ಉಳಿದಿರುವುದನ್ನು ಸರಿಯಾಗಿ ಕೆಲಸಕ್ಕೆ ಹಚ್ಚುವುದಷ್ಟೇ ಅದರಿಂದ ಸಾಧ್ಯ. ಅಷ್ಟನ್ನು ಇದು ಚೆನ್ನಾಗಿ ಮಾಡಿದೆ, ಬೆಲೆಯೂ ಹಿಡಿತದಲ್ಲಿದೆ.

ಮೂರನೆಯದು ಪೂರ್ಣ ಸಿಂಥೆಟಿಕ್. ಚಳಿಗಾಲದ ಬೆಳಗ್ಗೆ ಮೊದಲ ಒಂದೆರಡು ಕಿಲೋಮೀಟರ್‌ಗಳಲ್ಲಿ ಇದರ ಹಗುರತನ ಕೈಗೆ ತಿಳಿಯುತ್ತದೆ, ಗಾಡಿ ಬಿಸಿಯಾದ ಮೇಲೆ ವ್ಯತ್ಯಾಸ ಹುಡುಕಿದರೂ ಸಿಗುವುದಿಲ್ಲ. ವಯಸ್ಸಾದ ಆಯಿಲ್ ಸೀಲ್‌ಗಳಿದ್ದ ನನ್ನ ಗಾಡಿಯಲ್ಲಿ ಆಕ್ಸಲ್ ಬಳಿ ಒಸರು ಕಾಣಿಸಿಕೊಂಡಿತು. ದೋಷ ಸೀಲಿನದು, ಆಯಿಲಿನದಲ್ಲ, ಆದರೆ ಖರ್ಚು ನಮ್ಮದೇ. ಬೀದರ್‌ನ ಚಳಿಗೆ ಬೆಳಗಿನ ಜಾವ ಹೊರಡುವವರು ಬೇಕಾದರೆ ಯೋಚಿಸಲಿ. ಕಲಬುರಗಿಯ ಮಟ್ಟಿಗೆ ಹಲವು ಪಟ್ಟು ಬೆಲೆ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಶಬ್ದ ಮಾಡುವ ಗೇರ್ ಬಾಕ್ಸ್‌ಗೆ 140 ನಂಬರ್ ಹಾಕುವ ರೂಢಿಯೂ ನಮ್ಮಲ್ಲಿದೆ. ಶಬ್ದ ಅಡಗುತ್ತದೆ, ಏಕೆಂದರೆ ದಪ್ಪ ಆಯಿಲ್ ಸವೆದ ಬೇರಿಂಗಿನ ಸಂದನ್ನು ತುಂಬುತ್ತದೆ; ಸವೆತ ಮಾತ್ರ ಹಾಗೆಯೇ ಮುಂದುವರಿಯುತ್ತದೆ, ಸಿಂಕ್ರೊನೈಸರ್ ಇನ್ನಷ್ಟು ತಡವಾಗಿ ಹಿಡಿಯುತ್ತದೆ. ಕಾರು ಮಾರಲು ಹೊರಟವರು ಇದನ್ನು ಇಷ್ಟಪಡುತ್ತಾರೆ, ಕೊಳ್ಳುವವರು ಎಚ್ಚರವಾಗಿರಬೇಕು.

ಆಯಿಲ್‌ಗೆ ಹಣ ಸುರಿಯುವ ಮೊದಲು ಕ್ಲಚ್ಚನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ನಿಂತ ಗಾಡಿಯಲ್ಲಿ ಕ್ಲಚ್ ಪೂರ್ತಿ ತುಳಿದು, ಮೂರು ನಾಲ್ಕು ಸೆಕೆಂಡು ತಡೆದು ರಿವರ್ಸ್ ಹಾಕಿದಾಗಲೂ ಹಲ್ಲು ಕೆರೆದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ಅರ್ಥ; ಕೇಬಲ್ ಸರಿಪಡಿಸದೆ ಯಾವ ಡಬ್ಬಿ ತಂದರೂ ಪ್ರಯೋಜನವಿಲ್ಲ. ಗ್ಯಾರೇಜಿನಲ್ಲಿ ಮಿಸ್ತ್ರಿಗೆ ಮೊದಲು ಮೇಲಿನ ತುಂಬುವ ಬೋಲ್ಟನ್ನು ಬಿಚ್ಚಿಸಿ, ಅದು ಪಾನಾಕ್ಕೆ ಬಗ್ಗಿದ ಮೇಲೆ ಮಾತ್ರ ಕೆಳಗಿನದನ್ನು ಬಿಚ್ಚಲು ಹೇಳಬೇಕು. ಹಳೆಯ ಗಾಡಿಗಳಲ್ಲಿ ಮೇಲಿನ ಬೋಲ್ಟ್ ಜಾಮ್ ಆಗಿರುವುದುಂಟು, ಆಯಿಲ್ ಇಳಿಸಿದ ಮೇಲೆ ಅದು ತಿಳಿದರೆ ಗಾಡಿ ಅಲ್ಲೇ ಉಳಿಯುತ್ತದೆ. ಗಾಡಿ ಸಮತಟ್ಟಾದ ನೆಲದಲ್ಲಿದ್ದು, ತುಂಬುವ ತೂತಿನ ಅಂಚಿನವರೆಗೆ ಆಯಿಲ್ ಬಂದರೆ ಅಳತೆ ಸರಿ.

ಓಮ್ನಿ ಇಟ್ಟುಕೊಂಡವರಿಗೆ ಈ ಲೆಕ್ಕ ಸ್ವಲ್ಪ ಬೇರೆ. ಅದು ಹಿಂದಿನ ಚಕ್ರ ಎಳೆಯುವ ಗಾಡಿಯಾದ್ದರಿಂದ ಗೇರ್ ಬಾಕ್ಸ್‌ಗೆ ಜಿಎಲ್-4 ಬೇಕು, ಹಿಂದಿನ ಕ್ರೌನ್‌ಗೆ ಜಿಎಲ್-5 ಬೇಕು, ಮತ್ತು ಕ್ಯಾಸ್ಟ್ರಾಲ್ ಆಕ್ಸಲ್ ಇಪಿಎಕ್ಸ್‌ನಂತಹ ಆಯಿಲ್‌ಗೆ ತಕ್ಕ ಜಾಗವೂ ಆ ಕ್ರೌನೇ. ಎರಡನ್ನೂ ಬೇರೆ ಬೇರೆ ಡಬ್ಬಿಗಳಲ್ಲಿ ಕೊಂಡು, ಕೆಲಸ ಮುಗಿಯುವವರೆಗೆ ಗ್ಯಾರೇಜಿನಲ್ಲೇ ನಿಂತಿರುವುದು ಒಳ್ಳೆಯದು. ಕ್ರೌನ್‌ಗೆ ಹಾಕಿ ಉಳಿದದ್ದನ್ನು ಗೇರ್ ಬಾಕ್ಸ್‌ಗೆ ಸುರಿದು ಮುಗಿಸಿಬಿಡುವ ಅಭ್ಯಾಸ ಅನೇಕ ಕಡೆ ಇದೆ.