ಕಲಬುರಗಿಯ ಮೂರು ಬೇಸಿಗೆ ಕಂಡ ನನ್ನ ಕ್ಯಾನಿಸ್ಟರ್ ಫಿಲ್ಟರ್

ಸೇಡಂ ರಸ್ತೆಯ ನಮ್ಮ ಮನೆಯಲ್ಲಿ ಗಿಡ ಬೆಳೆಸುವ ಅಕ್ವೇರಿಯಂ ಇಟ್ಟು ಮೂರು ವರ್ಷ ದಾಟಿತು. 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಮಣ್ಣು, ಕಟ್ಟಿಗೆ ಕಳೆದರೆ ನೀರು ಹಿಡಿಯುವುದು ಸುಮಾರು 50 ಲೀಟರ್. ಅದಕ್ಕೆ ತಂದ ಕ್ಯಾನಿಸ್ಟರ್ ಫಿಲ್ಟರಿಗೆ, ಅಂದರೆ ಟ್ಯಾಂಕಿನ ಹೊರಗಿದ್ದು ಪೈಪಿನಿಂದ ನೀರು ಎಳೆದು, ಶೋಧಿಸಿ ಮರಳಿ ಬಿಡುವ ಮುಚ್ಚಿದ ಡಬ್ಬಿಗೆ, 4,500 ರೂಪಾಯಿ ಕೊಟ್ಟಿದ್ದೆ. ಡಬ್ಬಿಯ ಮೇಲೆ ಗಂಟೆಗೆ 600 ಲೀಟರ್ ಎಂದು ಬರೆದಿದೆ. ಸ್ಪಂಜು, ಸೆರಾಮಿಕ್ ರಿಂಗ್ ತುಂಬಿದ ಮೇಲೆ ಬಕೆಟ್ ಹಿಡಿದು, ಗಡಿಯಾರ ನೋಡಿ ಅಳೆದಾಗ ಬಂದದ್ದು 350 ಲೀಟರ್. ಅಂದರೆ ಟ್ಯಾಂಕಿನ ನೀರು ಗಂಟೆಗೆ ಏಳು ಸಲ ಸುತ್ತುತ್ತದೆ. ಗಿಡಗಳಿಗೆ ಇಷ್ಟು ಸಾಕು. ಕೊಳ್ಳುವವರು ಡಬ್ಬಿಯ ಮೇಲಿನ ಅಂಕಿಯ ಅರ್ಧವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಸದ್ದು ಇಲ್ಲವೇ ಇಲ್ಲ, ನೀರು ಕನ್ನಡಿಯ ಹಾಗೆ ತಿಳಿ. ಮೊದಲ ಚಳಿಗಾಲವೆಲ್ಲ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಒಂದು ದಿನ ಮದುವೆಗೆಂದು ಯಾದಗಿರಿಗೆ ಹೋಗಿದ್ದೆವು. ಮನೆಯಲ್ಲಿ ಐದಾರು ತಾಸು ಕರೆಂಟ್ ಇರಲಿಲ್ಲ. ರಾತ್ರಿ ಬಾಗಿಲು ತೆಗೆದ ಕೂಡಲೇ ಅವ್ವ, "ನೀರ್ ವಾಸನಿ ಬರ್ಲಾಕತ್ತದ ನೋಡು" ಅಂದಳು. ಅಷ್ಟೊತ್ತಿಗೆ ಕರೆಂಟ್ ಬಂದು ಫಿಲ್ಟರ್ ತಾನೇ ಶುರುವಾಗಿತ್ತು. ಬೆಳಗಾಗುವುದರೊಳಗೆ ಐದು ನಿಯಾನ್ ಟೆಟ್ರಾ ಮೀನು ಸತ್ತವು.

ಆದದ್ದು ಇಷ್ಟು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಆ ಸ್ಪಂಜು, ರಿಂಗುಗಳಲ್ಲೇ ಬದುಕುತ್ತವೆ. ಅವಕ್ಕೆ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಲ್ಲಿ ನೀರು ನಿಂತರೆ ಇದ್ದದ್ದು ಖರ್ಚಾಗಿ ಒಳಗೆಲ್ಲ ಕೊಳೆಯಲು ಹತ್ತುತ್ತದೆ. ಅದರಲ್ಲೂ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯ ನೀರು ಹಿಡಿಯುವುದು ಏಳೂವರೆ ಮಾತ್ರ. ಮತ್ತೆ ಕರೆಂಟ್ ಬಂದಾಗ ಆ ಕೊಳೆತ ನೀರು ಒಮ್ಮೆಲೇ ಟ್ಯಾಂಕಿಗೆ ನುಗ್ಗುತ್ತದೆ. ಈಗ ಎರಡು ತಾಸಿಗಿಂತ ಹೆಚ್ಚು ನಿಂತಿದ್ದರೆ ಡಬ್ಬಿ ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜು ಜಾಲಿಸದೆ ಚಾಲೂ ಮಾಡುವುದಿಲ್ಲ. ಅದಕ್ಕಿಂತ ಮುಖ್ಯ, ಫಿಲ್ಟರನ್ನು ಇನ್ವರ್ಟರ್ ಲೈನಿಗೆ ಹಾಕಿಸಿದೆ. ಅದು ತಿನ್ನುವುದು 12 ವ್ಯಾಟ್, ಒಂದು ಎಲ್‌ಇಡಿ ಬಲ್ಬಿನಷ್ಟು. ಮನೆಯಲ್ಲಿ ಇನ್ವರ್ಟರ್ ಇಲ್ಲದವರು ಕ್ಯಾನಿಸ್ಟರ್ ತರುವ ಮೊದಲು ಬ್ಯಾಟರಿ ಏರ್ ಪಂಪು, ಒಂದು ಸ್ಪಂಜ್ ಫಿಲ್ಟರ್ ತಂದಿಡಿ. ನಮ್ಮ ಊರಿನಲ್ಲಿ ಇದು ಮೊದಲ ಖರ್ಚು, ಲೈಟು ಆಮೇಲಿನದು.

ಹೀಟರ್ ತರಲೇಬೇಡಿ. ಮೇ ತಿಂಗಳಲ್ಲಿ ಹೊರಗೆ 42–43 ಡಿಗ್ರಿ ಇರುವ ಊರು ಇದು. ಮನೆಯೊಳಗಿದ್ದರೂ ನನ್ನ ಟ್ಯಾಂಕಿನ ನೀರು 34ಕ್ಕೆ ಏರಿತ್ತು. ನೀರು ತಂಪು ಮಾಡುವ ಯಂತ್ರ, ಚಿಲ್ಲರ್, ನನ್ನ ಜೇಬಿಗೆ ಮೀರಿದ್ದು. ಮೇಲ್ಗಡೆ ಗಾಳಿ ನೀರಿಗೆ ತಾಗುವ ಹಾಗೆ ಎರಡು ಸಣ್ಣ ಫ್ಯಾನ್ ಕೂರಿಸಿದೆ, 30ಕ್ಕೆ ಇಳಿಯಿತು. ನಮ್ಮ ಗಾಳಿ ಒಣಗಾಳಿ, ನೀರು ಬೇಗ ಆವಿಯಾಗಿ ತಂಪಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಇದೇ ಕಾರಣಕ್ಕೆ. ಮಂಗಳೂರಿನ ಗೆಳೆಯ ಇದೇ ಫ್ಯಾನಿನಿಂದ ಒಂದು ಡಿಗ್ರಿಯೂ ಸರಿಯಾಗಿ ಇಳಿಯಲಿಲ್ಲ ಅನ್ನುತ್ತಾನೆ.

ಆದರೆ ಫ್ಯಾನ್ ಇನ್ನೊಂದು ತೊಂದರೆ ತಂದಿತು. ದಿನಕ್ಕೆ ಒಂದು ಬೆರಳಿನಷ್ಟು ನೀರು ಇಳಿಯುತ್ತಿತ್ತು, ನಾನು ಬೋರ್ ನೀರು ಸುರಿಯುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಸುಣ್ಣ ಅಲ್ಲೇ ಉಳಿಯುತ್ತದೆ. ಸುಣ್ಣಕಲ್ಲಿನ ಸೀಮೆ ನಮ್ಮದು. ಸೇಡಂ, ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆಗಳು ನಿಂತದ್ದೇ ಅದರ ಮೇಲೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರಿನಲ್ಲಿ ಬೋರ್ ನೀರು 800 ದಾಟುತ್ತಿತ್ತು, ಎರಡು ತಿಂಗಳಲ್ಲಿ ಟ್ಯಾಂಕು 1,100 ತೋರಿಸಿತು. ಗಾಜಿನ ಮೇಲೆ ಬಿಳಿ ಪಟ್ಟೆ, ರೊಟಾಲಾ ಎಂಬ ಗಿಡದ ತುದಿ ಮುರುಟಿ ಹೋಯಿತು. ಅಂದ ಕಾಣಲೆಂದು ಅಂಗಳದ ಶಹಾಬಾದ್ ಕಲ್ಲಿನ ನಾಲ್ಕು ಚೂರು ಒಳಗಿಟ್ಟಿದ್ದೆ, ಅದೂ ಸುಣ್ಣಕಲ್ಲೇ. ಯಾವ ಕಲ್ಲಾದರೂ ಇಡುವ ಮುಂಚೆ ಎರಡು ಹನಿ ವಿನೆಗರ್ ಹಾಕಿ ನೋಡಿ, ನೊರೆ ಬಂದರೆ ಬಿಟ್ಟುಬಿಡಿ. ಈಗ ಇಳಿದ ನೀರಿನ ಬದಲಿಗೆ ಆರ್‌ಒ ನೀರು ಮಾತ್ರ. ವಾರಕ್ಕೊಮ್ಮೆ ಕಾಲುಭಾಗ ತೆಗೆದು, ಆರ್‌ಒ ನೀರಿಗೆ ಕ್ಲೋರಿನ್ ತೆಗೆದ ನಳದ ನೀರು ಸಮ ಬೆರೆಸಿ ಹಾಕುತ್ತೇನೆ. ರೊಟಾಲಾ ಬಿಟ್ಟೆ. ವ್ಯಾಲಿಸ್ನೇರಿಯಾಕ್ಕೆ ಗಡಸು ನೀರಿನ ಬೈಕಾರ್ಬೊನೇಟ್‌ನಿಂದಲೇ ಇಂಗಾಲ ಎಳೆದುಕೊಳ್ಳುವ ಶಕ್ತಿ ಇದೆ, ಅದು ಕಾಡಿನ ಹಾಗೆ ಬೆಳೆದಿದೆ. ಜಾವಾ ಫರ್ನ್, ಅನುಬಿಯಾಸ್ ಕಟ್ಟಿಗೆಗೆ ಕಟ್ಟಿದ್ದೇನೆ. ಮೆದು ನೀರು, ತಂಪು ಬೇಡುವ ನಿಯಾನ್ ಟೆಟ್ರಾ ಮತ್ತೆ ತರಲಿಲ್ಲ. ಗಪ್ಪಿ, ಮೋಲಿ ಆರಾಮಾಗಿವೆ. ಈ ಗಿಡಗಳಿಗೆ ಸಿಒ2 ಸಿಲಿಂಡರ್ ಬೇಕೆನಿಸಿಲ್ಲ.

ಲೈಟ್ ಬಗ್ಗೆ ಒಂದೇ ಮಾತು. 18 ವ್ಯಾಟಿನ, 6,500 ಕೆಲ್ವಿನ್‌ನ (ಹಗಲಿನಂಥ ಬಿಳಿ ಬೆಳಕಿನ) ಎಲ್‌ಇಡಿ ದಿನಕ್ಕೆ ಏಳು ತಾಸು ಸಾಕು, ಟೈಮರ್ ಮಾತ್ರ ಡಿಜಿಟಲ್ ಇರಲಿ. ನಾನು ಮೊದಲು ತಂದದ್ದು ಮುಳ್ಳು ತಿರುಗಿಸುವ ಟೈಮರ್. ಕರೆಂಟ್ ಹೋದಾಗಲೆಲ್ಲ ಅದರ ಗಡಿಯಾರವೂ ನಿಲ್ಲುತ್ತಿತ್ತು, ತಿಂಗಳೊಳಗೆ ಲೈಟು ನಡುರಾತ್ರಿವರೆಗೆ ಉರಿಯತೊಡಗಿತ್ತು. ಹಗಲು ಕಿಟಕಿ ಬೆಳಕು, ರಾತ್ರಿ ಇದು. ಪಾಚಿ ಗಾಜನ್ನೇ ಮುಚ್ಚಿತು. ಡಿಜಿಟಲ್ ಟೈಮರಿನೊಳಗೆ ಸಣ್ಣ ಬ್ಯಾಟರಿ ಇರುತ್ತದೆ, ಹೊತ್ತು ತಪ್ಪುವುದಿಲ್ಲ.

ಫಿಲ್ಟರನ್ನು ಆರು ವಾರಕ್ಕೊಮ್ಮೆ ಬಿಚ್ಚುತ್ತೇನೆ. ಸ್ಪಂಜನ್ನು ನಳದ ಕೆಳಗೆ ಹಿಡಿಯುವುದಿಲ್ಲ, ಕ್ಲೋರಿನ್ ಆ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡುತ್ತೇನೆ. ನೀರು ತಳ್ಳುವ ಸಣ್ಣ ಚಕ್ರದ (ಇಂಪೆಲ್ಲರ್) ಕಡ್ಡಿಗೆ ಸುಣ್ಣ ಕಟ್ಟಿದರೆ ಗರ್ರ್ ಎಂದು ಸದ್ದು ಬರುತ್ತದೆ. ಅರ್ಧ ತಾಸು ವಿನೆಗರಿನಲ್ಲಿ ನೆನೆಸಿ, ಚೆನ್ನಾಗಿ ತೊಳೆದು ಕೂರಿಸಿದರೆ ಮತ್ತೆ ಮೌನ. ಮುಚ್ಚಳದ ರಬ್ಬರ್ ರಿಂಗು ಈ ಬಿಸಿಲಿಗೆ ಎರಡನೇ ವರ್ಷಕ್ಕೇ ಗಡಸಾಗಿ ಹನಿ ಸೋರಿತು. ಸಿಲಿಕೋನ್ ಗ್ರೀಸ್ ಸವರಿ ಒಂದು ವರ್ಷ ತಳ್ಳಿದ್ದೇನೆ. ಹೊಸ ರಿಂಗು ತರಿಸಿ ಇಟ್ಟಿದ್ದೇನೆ, ಈ ಸಲ ಶಿವರಾತ್ರಿ ಮುಗಿದ ವಾರವೇ ಹಾಕಿಬಿಡಬೇಕು.