ಎರಡು ನಿಮಿಷದಲ್ಲಿ ಸಿಕ್ಕ ಡೊಮೇನ್: ಮೂರು ವರ್ಷದ ಬಳಕೆಯ ನಂತರ

ಕೊಡಗಿನ ಕಕ್ಕಬ್ಬೆಯ ನಮ್ಮ ತೋಟದ ಹೋಂಸ್ಟೇಗೆ ಡೊಮೇನ್, ಅಂದರೆ ಡಾಟ್ ಕಾಮ್ ಎಂದು ಕೊನೆಯಾಗುವ ವೆಬ್‌ಸೈಟ್ ಹೆಸರನ್ನು, ಕೊಂಡ ಸೇವೆಯ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಬಳಕೆಯ ಮಟ್ಟಿಗೆ ದೊಡ್ಡ ದೂರಿಲ್ಲ. ಯುಪಿಐ ಮೂಲಕ ಹಣ ಕಟ್ಟಿದ ಎರಡು ನಿಮಿಷದಲ್ಲಿ ಹೆಸರು ನಮ್ಮದಾಯಿತು. ಎರಡನೆಯ ವರ್ಷದಿಂದ ಶುಲ್ಕ ಹೆಚ್ಚುತ್ತದೆ ಎಂಬುದನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಹಾಕಿದ್ದರು.

ಅಂದು ಹೆಸರು, ವಿಳಾಸ, ಫೋನ್, ಇಮೇಲ್ ಕೇಳಿದರು. ಪರಿಶೀಲಿಸಿದ್ದು ಇಮೇಲ್ ಒಂದನ್ನೇ. ಇದು ನಿಯಮದ ಉಲ್ಲಂಘನೆಯೇನೂ ಅಲ್ಲ. ಜಗತ್ತಿನ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ 2013ರ ಒಪ್ಪಂದದಂತೆ, ಹೆಸರು ಮಾರುವ ರಿಜಿಸ್ಟ್ರಾರ್ 15 ದಿನಗಳೊಳಗೆ ಗ್ರಾಹಕರ ಇಮೇಲ್ ಅಥವಾ ಫೋನನ್ನು ಖಚಿತಪಡಿಸಿಕೊಂಡರೆ ಸಾಕು. ಜಮ್ಮಾ ಬಾಣೆಯ (ಮನೆತನಕ್ಕೆ ಸೇರಿದ ಪಾರಂಪರಿಕ ಜಮೀನಿನ) ಆರ್‌ಟಿಸಿಯಲ್ಲಿ ಒಂದು ಹೆಸರು ಸೇರಿಸಲು ಒಕ್ಕದವರೆಲ್ಲ, ಅಂದರೆ ಇಡೀ ಮನೆತನದವರು, ತಾಲ್ಲೂಕು ಕಚೇರಿಗೆ ಅಲೆಯುವ ನಮ್ಮ ಜಿಲ್ಲೆಯವರಿಗೆ ಈ ಸಲೀಸು ಮೊದಲಿಗೆ ಹಿತವಾಗಿಯೇ ಕಾಣುತ್ತದೆ.

ಕಳೆದ ನವೆಂಬರ್‌ನಲ್ಲಿ ಹಾಸನದ ಕುಟುಂಬವೊಂದು ಸಂಜೆ ಏಳು ಗಂಟೆಗೆ ಸಾಮಾನು ಸಮೇತ ಅಂಗಳದಲ್ಲಿ ಬಂದು ನಿಂತಿತು. ಅವರು ಮುಂಗಡ ಕಟ್ಟಿದ್ದ ಸೈಟಿನಲ್ಲಿ ಫೋಟೊಗಳು ನಮ್ಮವೇ, ಹೆಸರೂ ನಮ್ಮದೇ, ನಡುವೆ ಒಂದು ಅಡ್ಡಗೆರೆಯಷ್ಟೇ ಹೆಚ್ಚು. ಅದನ್ನು ಮಾರಿದ್ದೂ ಇದೇ ಕಂಪನಿ. ದೂರು ಕೊಟ್ಟರೆ, ಕೊಂಡವರ ವಿವರ ಗೋಪ್ಯ, ನ್ಯಾಯಾಲಯದ ಆದೇಶ ತನ್ನಿ ಎಂದರು. ಹೆಸರನ್ನು ತಡೆಹಿಡಿಯಲು 19 ದಿನ ಹಿಡಿಯಿತು. ಕೊನೆಗೆ ಪೊಲೀಸರು ತರಿಸಿಕೊಂಡ ದಾಖಲೆಯಲ್ಲಿದ್ದ ಪಿನ್‌ಕೋಡಿಗೂ ಊರಿಗೂ ಸಂಬಂಧವೇ ಇರಲಿಲ್ಲ.

ಆದರೂ ಹೊಣೆಯನ್ನು ಮಾರಾಟಗಾರನ ಮೇಲಷ್ಟೇ ಹೊರಿಸುವುದು ನನಗೆ ಸರಿಕಾಣದು. ಗುರುತಿನ ಚೀಟಿ ಕೇಳುವ ಅಂಗಡಿಯನ್ನು ಬಿಟ್ಟು ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎಲ್ಲ ಅಂಗಡಿಗಳ ಹಿಂದೆ ಮೂಲ ದಫ್ತರ ಇಟ್ಟುಕೊಂಡಿರುವ ರಿಜಿಸ್ಟ್ರಿ, ಡಾಟ್ ಕಾಮ್‌ಗಾದರೆ ವೆರಿಸೈನ್, ಡಾಟ್ ಇನ್‌ಗಾದರೆ ನಿಕ್ಸಿ, ಒಂದೇ. ಆದ್ದರಿಂದ ಕಾನೂನಿನ ಹೊಣೆ ಅಲ್ಲಿಂದ ಶುರುವಾದರೆ ಮಾತ್ರ ಎಲ್ಲರಿಗೂ ಒಂದೇ ಅಳತೆ. ಐರೋಪ್ಯ ಒಕ್ಕೂಟದ ಸೈಬರ್ ಭದ್ರತೆಯ ಕಾನೂನಾದ 2022ರ ಎನ್‌ಐಎಸ್-2 ನಿರ್ದೇಶನದ 28ನೇ ವಿಧಿ ರಿಜಿಸ್ಟ್ರಿ, ಮಾರಾಟಗಾರ ಇಬ್ಬರಿಗೂ ನಿಖರ ದಾಖಲೆ ಇಡುವ, ಪರಿಶೀಲನೆಯ ಕ್ರಮ ಹೊಂದುವ ಮತ್ತು ಕಾನೂನುಬದ್ಧ ಕೋರಿಕೆಗೆ 72 ಗಂಟೆಯೊಳಗೆ ಉತ್ತರಿಸುವ ಕರ್ತವ್ಯ ವಿಧಿಸುತ್ತದೆ. ಡೆನ್ಮಾರ್ಕಿನ ರಿಜಿಸ್ಟ್ರಿ ತನ್ನ ದೇಶದ ಗ್ರಾಹಕರ ಗುರುತನ್ನು ರಾಷ್ಟ್ರೀಯ ಡಿಜಿಟಲ್ ಗುರುತಿನ ಮೂಲಕ ತಾಳೆ ನೋಡುತ್ತದೆ.

ಹಾಗೆಂದು ವಿವರಗಳನ್ನು ಊರಿಗೆಲ್ಲ ತೆರೆದಿಡಬೇಕೆಂದಲ್ಲ. ಮರಳು ದಂಧೆಯ ವಿರುದ್ಧ ಬರೆಯುವವನ ಮನೆ ವಿಳಾಸ ಯಾರಿಗೂ ಸಿಗಬಾರದು. ಪರಿಶೀಲಿಸುವುದು ಬೇರೆ, ಪ್ರಕಟಿಸುವುದು ಬೇರೆ. ಈ ಕಂಪನಿ ಎರಡನೆಯದನ್ನು ತಡೆದ ಹೆಮ್ಮೆಯಲ್ಲಿ ಮೊದಲನೆಯದನ್ನು ಮರೆತಿದೆ.

ಸಲೀಸಿಗೆ ಐದರಲ್ಲಿ ನಾಲ್ಕು, ದೂರು ನಿರ್ವಹಣೆಗೆ ಒಂದು. ಈಗ ಅಡ್ಡಗೆರೆ ಇರುವ, ಇಲ್ಲದ ನಾಲ್ಕು ಹೆಸರುಗಳನ್ನೂ ನಾನೇ ಕೊಂಡಿಟ್ಟಿದ್ದೇನೆ. ನಾಲ್ಕರ ನವೀಕರಣ ಶುಲ್ಕವೂ ಅದೇ ಕಂಪನಿಗೆ ಹೋಗುತ್ತದೆ.